ಸ್ಟೇಷನ್ ಮುಚ್ಚುವ ಮುಂಚಿನ ಹಾಡು

ಮಂಜಲ್‌ಪುರ, ವಡೋದರಾ
೧೧ ಜೂನ್ ೨೦೨೩

ಲಿಂಗರಾಜಾ,

ಅಕ್ಷರ ನೋಡುತ್ತಲೇ ಯಾರದ್ದೆಂದು ಗೊತ್ತಾಗಿರುತ್ತದೆ. ಗೊತ್ತಾದ ಮೇಲೂ ಹರಿದು ಬಿಸಾಡದೆ ಈ ಸಾಲಿನವರೆಗೆ ಬಂದಿದ್ದರೆ ಅದೇ ನನ್ನ ಪುಣ್ಯ. ಮೂವತ್ತು ವರ್ಷವಾಯಿತು. ವಡೋದರಾದಿಂದ ಸೂರತ್ತಿಗೆ ರೈಲಿನಲ್ಲಿ ಎರಡು ಗಂಟೆಯ ದಾರಿ. ನಾವು ಅದನ್ನೇ ಏಳು ಸಮುದ್ರ ಮಾಡಿಕೊಂಡು ಕೂತೆವು.

ಹೋದ ವಾರ ಸುಧೀರ ಶೆಟ್ಟಿ ನಮ್ಮ ಹೋಟೆಲಿಗೆ ಬಂದಿದ್ದ. ಸೂರತ್ತಿನಲ್ಲಿ ಅವನದೂ ಹೋಟೆಲೇ. ಕಾಫಿ ಕುಡಿಯುತ್ತ, ‘ನಿಮ್ಮ ಹಳೇ ರೂಮ್‌ಮೇಟ್ ಲಿಂಗರಾಜರಿಗೆ ಎರಡೂ ಕಿವಿ ಹೋಗಿದೆ ಮಾರಾಯ್ರೆ, ಹತ್ತಿರದಲ್ಲಿ ಪಟಾಕಿ ಹೊಡೆದ್ರೂ ಗೊತ್ತಾಗುದಿಲ್ಲ’ ಎಂದ. ಗಲ್ಲಾದ ಮುಂದೆ ಕೂತವನು ಹಾಗೇ ಕೂತೆ. ಒಬ್ಬ ಗಿರಾಕಿ ಮೂರು ಸಲ ಕರೆದನಂತೆ, ನನಗೆ ಕೇಳಲಿಲ್ಲ.

ನಿನಗೆ ಕಿವಿ ಹೋಗುವುದೆಂದರೆ ಏನು? ೧೯೮೭ರಲ್ಲಿ ನೀನು ಮಕರಪುರದ ಪಂಪು ಫ್ಯಾಕ್ಟರಿಯ ಫಿಟ್ಟರ್, ನಾನು ಸೋದರಮಾವನ ಹೋಟೆಲಿನ ಸಪ್ಲಾಯರ್. ಹೋಟೆಲಿನ ಮೇಲಿನ ಒಂದೇ ಕೋಣೆಯಲ್ಲಿ ಇಬ್ಬರ ವಾಸ. ಮಸ್ಕತ್ತಿನಿಂದ ಬಂದ ಮಲಯಾಳಿ ವೆಲ್ಡರನ ಕೈಯಿಂದ ಆ ಎಂಟು ಬ್ಯಾಂಡಿನ ರೇಡಿಯೋ ಕೊಂಡು, ನೀರಿನ ಟ್ಯಾಂಕಿನಿಂದ ಬೇವಿನ ಮರದವರೆಗೆ ತಾಮ್ರದ ತಂತಿ ಎಳೆದೆವಲ್ಲ, ಆ ದಿನ ನೆನಪಿದೆಯೇ? ಆಂಡೀಸ್ ಬೆಟ್ಟದ ಸ್ಟೇಷನ್ ಮೊದಲ ಸಲ ಸಿಕ್ಕಾಗ ನನಗೆ ಗರಗರದ ನಡುವೆ ಕೊಳಲು ಮಾತ್ರ ಕೇಳಿತು. ‘ಕೊಳಲಿನ ಹಿಂದ ಸಣ್ಣದೊಂದು ತಂತಿವಾದ್ಯ ಐತಲೇ ಸೀನಾ, ಚಿಟಿಚಿಟಿ ಅಂತೈತಿ’ ಎಂದವನು ನೀನು. ಹೋಟೆಲ್ ಮಾಣಿಗೂ ಫಿಟ್ಟರನಿಗೂ ಇಂಥ ಹಾಡುಗಳ ಜಗತ್ತೊಂದಿದೆ ಎಂದು ಗೊತ್ತಾದದ್ದೇ ನಿನ್ನ ಕಿವಿಯಿಂದ.

ಕೇಳಿದ ದಿನ, ಹೊತ್ತು, ಹಾಡು ಎಲ್ಲ ಬರೆದು ಆ ಸ್ಟೇಷನ್ನಿಗೆ ವರದಿ ಕಳಿಸುವುದು. ಅವರು ತಾಳೆ ನೋಡಿ, ‘ಹೌದು, ನೀವು ಕೇಳಿದ್ದು ನಮ್ಮನ್ನೇ’ ಎಂದು ಚಿತ್ರದ ಕಾರ್ಡು ಕಳಿಸುವುದು. ಪೋಸ್ಟ್‌ಮನ್ನಿಗೆ ನಮ್ಮ ಮೇಲೆ ಅನುಮಾನ, ಮಾವನಿಗೆ ತಲೆನೋವು.

ಈಗ ಹೋಟೆಲಿಗೆ ಬಣ್ಣ ಹೊಡೆಸುತ್ತಿದ್ದೇನೆ. ಅಟ್ಟದಿಂದ ರೇಡಿಯೋ ಇಳಿಯಿತು, ಜೊತೆಗೆ ನಮ್ಮ ದಾಖಲೆ ಪುಸ್ತಕ. ಮೊದಲ ಪುಟದಲ್ಲಿ ನಿನ್ನ ಕೈಬರಹ: ‘ಕಿವಿ ಕೇಳಿದ್ದನ್ನೇ ಕೈ ಬರೆಯತಕ್ಕದ್ದು.’ ಪುಸ್ತಕ ಮುಚ್ಚಿಟ್ಟೆ. ಇನ್ನೂ ತೆರೆದಿಲ್ಲ.

ಹೇಗಿದ್ದೀ? ಒಂದು ಸಾಲು ಬರೆ.

ನಿನ್ನ
ಸೀನ (ಶ್ರೀನಿವಾಸ)


ಅಡಾಜಣ್, ಸೂರತ್
೨ ಜುಲೈ ೨೦೨೩

ಶ್ರೀನಿವಾಸ ಅವರಿಗೆ,

ಪತ್ರ ಬಂತು. ಕಿವಿ ಹೋದದ್ದು ನಿಜ. ಹಜೀರಾದ ಕಂಪ್ರೆಸರ್ ಹಾಲಿನಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದೆ. ಕಿವಿಗೆ ಹಾಕಿಕೊಳ್ಳಲು ಕೊಟ್ಟಿದ್ದನ್ನು ಕತ್ತಿಗೆ ಹಾಕಿಕೊಂಡು ತಿರುಗಿದೆ. ಸದ್ದಿನ ಮೇಲಿಂದಲೇ ಯಾವ ಬೇರಿಂಗ್ ಕೆಟ್ಟಿದೆ ಎಂದು ಹೇಳುತ್ತಿದ್ದೆ, ಆ ಜಂಬ. ತಪ್ಪು ನನ್ನದೇ.

ನೀವು ಬರೆದದ್ದರಲ್ಲಿ ೧೯೮೭ ಇದೆ, ೧೯೯೩ ಇಲ್ಲ. ಹೇಳುವುದು ಇದ್ದರೆ ಹೇಳಿ. ಇಲ್ಲದಿದ್ದರೆ ಅಂಚೆಯವನಿಗೆ ತೊಂದರೆ ಬೇಡ.

ಲಿಂಗರಾಜ


ಮಂಜಲ್‌ಪುರ
೯ ಜುಲೈ ೨೦೨೩

ಲಿಂಗರಾಜಾ,

‘ಅವರಿಗೆ’ ಎಂದು ಬರೆದೆಯಲ್ಲ, ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ಸರಿ, ೧೯೯೩.

ಫೆಬ್ರುವರಿಯಲ್ಲಿ ನಿನ್ನ ತಾಯಿ ರಾಜಮ್ಮನವರು ತೀರಿಕೊಂಡರು. ನೀನು ಗದಗಿಗೆ ಹೋದೆ. ನಿನಗೆ ಆರು ವರ್ಷದಿಂದ ಒಂದೇ ಹುಚ್ಚು. ಶಾಂತಸಾಗರದ ಆ ಪುಟ್ಟ ದ್ವೀಪದ ಸ್ಟೇಷನ್ ಪ್ರತಿದಿನ ಪ್ರಸಾರ ಮುಚ್ಚುವ ಮುಂಚೆ ಹೆಂಗಸರ ಮೇಳದ ಒಂದು ಹಾಡು ಹಾಕುತ್ತದೆ, ವಾದ್ಯ ಏನೂ ಇಲ್ಲ, ಬರೀ ಗಂಟಲು ಎಂದು ನಮ್ಮ ರೇಡಿಯೋ ಕೇಳುಗರ ಕ್ಲಬ್ಬಿನ ಪತ್ರಿಕೆಯಲ್ಲಿ ಬಂದಿತ್ತು. ಅರವತ್ತು ಮೀಟರ್ ಬ್ಯಾಂಡು, ನಮ್ಮ ಸಂಜೆ ಆರೂವರೆ. ಆರು ವರ್ಷ ಕಾದೆ ನೀನು, ಒಂದು ದಿನವೂ ಸಿಗಲಿಲ್ಲ. ಗದಗಿನಿಂದ ನೀನು ಬರೆದ ಕಾಗದದಲ್ಲಿ, ‘ಅವ್ವ ಹೋದಳು. ಬೀಸುವಾಗ ಹಾಡುತ್ತಿದ್ದವಳು. ಒಂದು ಹಾಡನ್ನೂ ನಾನು ಕಲಿತುಕೊಳ್ಳಲಿಲ್ಲ’ ಎಂದಿತ್ತು.

ಅದನ್ನು ಓದಿ ತಡೆಯಲಾಗಲಿಲ್ಲ. ಹತ್ತೊಂಬತ್ತು ಸಂಜೆ, ಹೋಟೆಲು ತುಂಬಿದ ಹೊತ್ತಿನಲ್ಲಿ, ಮಾವನ ಬೈಗುಳ ತಿಂದು ಮೇಲೆ ಹೋಗಿ ಕೂತೆ. ಹೇಗಾದರೂ ನಿನಗೆ ಆ ಹಾಡು ಹಿಡಿದು ಕೊಡಬೇಕು ಎಂದು. ಏನೂ ಬರಲಿಲ್ಲ. ಇಪ್ಪತ್ತನೆಯ ಸಂಜೆ ಪತ್ರಿಕೆಯಲ್ಲಿ ಇದ್ದದ್ದನ್ನೇ ಇಟ್ಟುಕೊಂಡು, ನಿನ್ನ ಹೆಸರಿನಲ್ಲಿ ಸುಳ್ಳು ವರದಿ ಬರೆದು ಕಳಿಸಿದೆ. ನೀನು ಬಂದಾಗ, ‘ನೀನಿಲ್ಲದಾಗ ಸಿಕ್ಕಿತು ಮಾರಾಯ, ನಿನ್ನ ಹೆಸರಲ್ಲೇ ಬರೆದೆ’ ಎಂದೆ. ಮೇ ತಿಂಗಳಲ್ಲಿ ಕಾರ್ಡೂ ಬಂತು. ಯಾರೋ ಒಳ್ಳೆಯ ಗುಮಾಸ್ತ ತಾಳೆ ನೋಡದೆ ಕಳಿಸಿದ್ದ. ತೆಂಗಿನ ಮರ, ಪಕ್ಕದಲ್ಲಿ ಒಂದು ಡೋಲು. ನೀನು ಅದನ್ನು ಅವ್ವನ ಫೋಟೋದ ಪಕ್ಕದಲ್ಲಿ ಇಟ್ಟೆ.

ಆಮೇಲಿನದು ನಿನಗೆ ಗೊತ್ತು. ನೀನು ಹೆಮ್ಮೆಯಿಂದ ಕ್ಲಬ್ಬಿಗೆ ತಿಳಿಸಿದೆ. ಆ ಫೆಬ್ರುವರಿಯಿಡೀ ಅಲ್ಲಿ ಬಿರುಗಾಳಿಗೆ ಕಂಬ ಬಿದ್ದು ಪ್ರಸಾರವೇ ಇರಲಿಲ್ಲ ಎಂದು ಹಿರಿಯ ಸದಸ್ಯರೊಬ್ಬರು ಬರೆದರು. ಪತ್ರಿಕೆಯ ಮೊದಲ ಪುಟದಲ್ಲಿ ನಿನ್ನ ಹೆಸರು: ಸುಳ್ಳು ವರದಿಗಾರ. ಸದಸ್ಯತ್ವ ರದ್ದು. ನೀನು ಪತ್ರಿಕೆ ಹಿಡಿದು ಅಡಿಗೆಮನೆಗೆ ಬಂದು, ‘ಖರೇ ಹೇಳಲೇ ಸೀನಾ, ಕೇಳಿದ್ಯೋ ಇಲ್ಲೋ?’ ಎಂದೆ. ನಾನು ಇಡ್ಲಿ ಪಾತ್ರೆಯಿಂದ ಮುಖ ಎತ್ತದೆ, ‘ಕೇಳಿದ್ದೇನೆ’ ಎಂದೆ.

ಸುಳ್ಳು. ಎರಡು ಸಲವೂ ಸುಳ್ಳು. ಮೊದಲನೆಯದು ನಿನ್ನ ಮೇಲಿನ ಪ್ರೀತಿಗೆ ಹೇಳಿದ್ದು. ಎರಡನೆಯದು ನನ್ನ ಹೇಡಿತನಕ್ಕೆ. ತಪ್ಪಾಯಿತು ಲಿಂಗರಾಜಾ. ಮೂವತ್ತು ವರ್ಷ ಇದು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿದೆ. ಮೀನು ತಿನ್ನದ ಬ್ರಾಹ್ಮಣ ಹೀಗೆ ಬರೆದನಲ್ಲ ಎಂದು ನೀನು ನಗುವುದಾದರೆ ನಗು. ನಕ್ಕರೆ ಸಾಕು.

ಸೀನ


ಅಡಾಜಣ್, ಸೂರತ್
೨೪ ಸೆಪ್ಟೆಂಬರ್ ೨೦೨೩

ಸೀನಾ,

ಎರಡೂವರೆ ತಿಂಗಳು ಬರೆಯಲಿಲ್ಲ. ಬರೆಯಬಾರದು ಅಂತಲೇ ಇದ್ದೆ.

ನನಗೆ ಆವತ್ತೇ ಗೊತ್ತಿತ್ತು. ಪತ್ರಿಕೆ ಕೈಗೆ ಬಂದ ಮೇಲೆ ನಿನ್ನ ವರದಿಯ ನಕಲು ತೆಗೆದು ನೋಡಿದ್ದೆ. ‘ಹೆಂಗಸರ ಮೇಳ ಬಹಳ ಇಂಪಾಗಿ ಹಾಡಿತು’ ಎಂದು ನೀನು ಬರೆದಿದ್ದೆ. ಕೇಳಿದವನು ಇಂಪು ಎಂದು ಬರೆಯುವುದಿಲ್ಲ. ಯಾರ ಉಸಿರು ಮೊದಲು ಮುಗಿಯಿತು, ಯಾವ ದನಿ ಒಡಕು ಎಂದು ಬರೆಯುತ್ತಾನೆ. ಅಷ್ಟು ಸಾಕಿತ್ತು ನನಗೆ. ಆದರೂ ಅಡಿಗೆಮನೆಗೆ ಬಂದು ಕೇಳಿದೆ, ನೀನು ಹೇಳಲಿ ಅಂತ. ‘ಇಲ್ಲಪ್ಪಾ, ಸುಳ್ಳು’ ಎಂದಿದ್ದರೆ ಎರಡು ಬಾರಿಸಿ, ಸಂಜೆ ಜೊತೆಗೇ ಕೂತು ಚಹಾ ಕುಡಿಯುತ್ತಿದ್ದೆ. ಊರ ಮುಂದೆ ಮರ್ಯಾದೆ ಹೋದದ್ದಕ್ಕೆ ನಾನು ಆ ಕೋಣೆ ಬಿಡಲಿಲ್ಲ ಸೀನಾ. ಇಡ್ಲಿ ಪಾತ್ರೆಯ ಮುಂದೆ ನನ್ನ ಗೆಳೆಯ ಹೋದ ಅಂತ ಬಿಟ್ಟೆ.

ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಬರೆದರೆ ಅದು ಇನ್ನೊಂದು ಸುಳ್ಳು ವರದಿಯಾಗುತ್ತದೆ.

ಈಗಿನ ಸಂಗತಿ. ಮೂತ್ರಪಿಂಡ ಎರಡೂ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಹೆಂಡತಿ ಹೋಗಿ ಐದು ವರ್ಷ. ಮಗಳು ಅರ್ಪಿತಾ ಕರೆದೊಯ್ದು ತರುತ್ತಾಳೆ. ಅಲ್ಲಿ ಮಲಗಿ ಮಾಡುವುದೇನು? ಟೀವಿಯಲ್ಲಿ ಬಾಯಿಗಳು ಆಡುತ್ತಿರುತ್ತವೆ.

ಕಿವಿ ಹೋದ ಹೊಸದರಲ್ಲಿ ಕೇಳಿದ ಹಾಡೆಲ್ಲ ತಲೆಯೊಳಗೆ ತಾವೇ ಓಡುತ್ತಿದ್ದವು. ಅದೇ ಧೈರ್ಯವಾಗಿತ್ತು. ಈಗ ಅವೂ ಒಂದೊಂದಾಗಿ ಆರುತ್ತಿವೆ. ಆಂಡೀಸಿನ ಕೊಳಲು ಇದೆ. ಆಫ್ರಿಕಾದ ಆ ಸೋರೆಬುರುಡೆಯ ವೀಣೆ ಅರ್ಧ ಇದೆ. ಅವ್ವನ ದನಿ ಪೂರ್ತಿ ಹೋಗಿದೆ. ಬಹಳ ಹೆದರಿಕೆಯಾಗುತ್ತದೆ.

ಆ ಸೆಟ್ಟು ರಿಪೇರಿ ಮಾಡಿಸು. ಕೇಳು. ಕೇಳಿದ್ದನ್ನು ಬರೆದು ಕಳಿಸು. ಮೊಬೈಲಿನಲ್ಲಿ ಮೆಸೇಜ್ ಬೇಡ, ವರದಿ ಎಂದರೆ ಕಾಗದದ ಮೇಲೆ. ಇಂಪು ಎಂಬ ಮಾತು ಕಂಡರೆ ಅಲ್ಲಿಗೇ ಹರಿಯುತ್ತೇನೆ. ನೋಡಲು ಬರಬೇಡ. ಬಾಯಿ ಆಡಿಸುವ ಇನ್ನೊಂದು ಮುಖ ನನಗೆ ಬೇಡ.

ಲಿಂಗರಾಜ


ಮಂಜಲ್‌ಪುರ
೨೨ ಅಕ್ಟೋಬರ್ ೨೦೨೩

ಲಿಂಗರಾಜಾ,

ಇಲ್ಲಿ ರೇಡಿಯೋ ರಿಪೇರಿ ಎಂದರೆ ನಗುತ್ತಾರೆ. ಕೊನೆಗೆ ಸೆಟ್ಟನ್ನು ಟವಲಿನಲ್ಲಿ ಸುತ್ತಿ ಅಹಮದಾಬಾದಿನ ರವಿವಾರಿ ಬಜಾರಿಗೆ ಒಯ್ದೆ. ಸಾಬರಮತಿ ದಂಡೆಯಲ್ಲಿ ಹಳೇ ಸಾಮಾನಿನ ಸಂತೆ, ನಾವಿಬ್ಬರೂ ಹೋಗುತ್ತಿದ್ದೆವಲ್ಲ. ಒಬ್ಬ ಮುದುಕ ಚಾಚಾ ಮುಚ್ಚಳ ಬಿಚ್ಚಿ, ಒಳಗಿನ ಜಿರಳೆಗೂಡು ಊದಿ, ‘ಎರಡು ಗಂಟೆ ಬಿಟ್ಟು ಬಾ’ ಎಂದ. ಆ ಎರಡು ಗಂಟೆಯ ವರದಿ ಇದು. ರೇಡಿಯೋದ್ದಲ್ಲ, ನನ್ನ ಕಿವಿಯದ್ದು.

ಹೊತ್ತು ಬೆಳಗಿನ ಹನ್ನೊಂದೂಕಾಲು. ಹಳೇ ಹೊಲಿಗೆ ಮಿಷಿನ್ನುಗಳ ಸಾಲಿನಾಚೆ ಒಬ್ಬ ಕಪ್ಪು ಮನುಷ್ಯ, ಗುಂಗುರು ಕೂದಲು, ಸುಮಾರು ಐವತ್ತು. ಕೈಯಲ್ಲಿ ಆಳೆತ್ತರದ ಬಿಲ್ಲು, ಬಿಲ್ಲಿಗೆ ಕಟ್ಟಿದ ಸೋರೆಬುರುಡೆ, ಒಂದೇ ತಂತಿ. ಕಡ್ಡಿಯಿಂದ ಹೊಡೆಯುತ್ತಾನೆ, ಬುರುಡೆಯನ್ನು ಹೊಟ್ಟೆಗೆ ಒತ್ತಿ ಬಿಡುತ್ತಾನೆ. ಒತ್ತಿದಾಗ ಸದ್ದು ಒಳಗೆ ಹೋಗುತ್ತದೆ, ಬಿಟ್ಟಾಗ ಹೊರಗೆ ಬರುತ್ತದೆ. ಡುಂವ್, ಟಕ್, ಡುಂವ್‌ಡುಂವ್. ಪಕ್ಕದಲ್ಲಿ ಪಾತ್ರೆ ಮಾರುವವನ ಕೂಗು ಅಡ್ಡ ಬರುತ್ತಿತ್ತು. ಸ್ಪಷ್ಟತೆಗೆ ಐದರಲ್ಲಿ ನಾಲ್ಕು ಅಂಕ.

ಲಿಂಗರಾಜಾ, ಇದನ್ನು ನಾವು ಕೇಳಿದ್ದೇವೆ! ೧೯೮೯ರ ಪುಟದಲ್ಲಿದೆ. ಆಫ್ರಿಕಾದ ಸ್ಟೇಷನ್ನಿನಲ್ಲಿ ಈ ಸದ್ದು ಬಂದಾಗ ನೀನು, ‘ಹೊಟ್ಟಿಯೊಳಗಿಂದ ಬರೂ ವಾದ್ಯ’ ಎಂದು ಬರೆದಿದ್ದೆ. ಅದು ಏನೆಂದು ತಿಳಿಯದೆ ಎಷ್ಟು ತಲೆ ಕೆಡಿಸಿಕೊಂಡಿದ್ದೆವು.

‘ಕ್ಯಾಂನಾ ಛೋ, ಭಾಯ್?’ ಎಂದು ಕೇಳಿದೆ. ಭರೂಚ್ ಜಿಲ್ಲೆಯವನಂತೆ. ಸಿದ್ದಿ ಜನ. ಮುತ್ತಾತನ ಮುತ್ತಾತ ಆಫ್ರಿಕಾದಿಂದ ಬಂದದ್ದು, ಆ ನಾಡಿನ ಮಾತು ಮರೆತಿದೆ, ಬಾರಿಸುವುದು ಮರೆತಿಲ್ಲ ಎಂದ. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಭರೂಚ್ ಎಲ್ಲಿದೆ? ನಿನ್ನ ಊರಿಗೂ ನನ್ನ ಊರಿಗೂ ನಡುವೆ. ಮೂವತ್ತು ವರ್ಷ ನಾನು ಸೂರತ್ತಿಗೆ ಒಂದು ಸಲ ಟಿಕೆಟ್ ತೆಗೆಸಿದ್ದರೂ ಆ ಸದ್ದಿನ ಪಕ್ಕದಲ್ಲೇ ಹಾದು ಹೋಗುತ್ತಿದ್ದೆ.

ಸೆಟ್ಟು ಜೀವ ಹಿಡಿದಿದೆ.

ಸೀನ


ಮಂಜಲ್‌ಪುರ
೧೯ ನವೆಂಬರ್ ೨೦೨೩

ಲಿಂಗರಾಜಾ,

ಈಗಿನ ಕಾಲದಲ್ಲಿ ಶಾರ್ಟ್‌ವೇವ್ ಕೇಳುವುದು ಸಂತೆಯಲ್ಲಿ ಕೂತು ಪಿಸುಮಾತು ಕೇಳಿದ ಹಾಗೆ. ಎಲ್‌ಇಡಿ ಬಲ್ಬು, ಇನ್ವರ್ಟರು, ಫ್ರಿಜ್ಜು ಎಲ್ಲವೂ ಗುಂಯ್ ಎನ್ನುತ್ತವೆ. ಮೊನ್ನೆ ಬೆಳಿಗ್ಗೆ ಐದೂವರೆಗೆ ಹೋಟೆಲಿನ ಮೇನ್ ಸ್ವಿಚ್ಚನ್ನೇ ಆರಿಸಿದೆ. ಹಿಟ್ಟು ರುಬ್ಬುತ್ತಿದ್ದ ಗ್ರೈಂಡರು ನಿಂತಿತು. ಹೆಂಡತಿ ಶಕುಂತಲಾ ಕೈಯೆಲ್ಲ ಹಿಟ್ಟು ಮಾಡಿಕೊಂಡು ಮೇಲೆ ಬಂದು, ‘ನಿಮಗೆಂತ ಮರ್ಲಾ? ಏಳು ಗಂಟೆಗೆ ಗಿರಾಕಿಗಳಿಗೆ ಎಂತ ಹಾಕುದು, ನಿಮ್ಮ ರೇಡಿಯೋ ಬೇಯಿಸಿ ಹಾಕುದಾ?’ ಎಂದಳು. ಆಮೇಲೆ ಅವಳೂ ಕೂತಳು.

ವರದಿ. ಪಶ್ಚಿಮ ಆಫ್ರಿಕಾ. ಅಂಕ ಎರಡು, ಆಗಾಗ ಮೂರು. ನಿನ್ನ ಸೋರೆಬುರುಡೆಯ ವೀಣೆಯೇ. ಬಲಗೈಯದ್ದು ಮಳೆ ಹನಿ ತಗಡಿನ ಮೇಲೆ ಬಿದ್ದಂತೆ ಇಳಿಯುತ್ತದೆ, ಎಡಗೈ ಮಾತ್ರ ಮೂರೇ ಸ್ವರದಲ್ಲಿ ನಡೆಯುತ್ತಿರುತ್ತದೆ, ಅವಸರವಿಲ್ಲ. ಗಂಡಸು ಹಾಡುತ್ತಾನೆ, ಅರ್ಧ ಹಾಡು ಅರ್ಧ ಹೇಳಿಕೆ, ಯಾರದ್ದೋ ವಂಶಾವಳಿ ಓದುವ ಭಟ್ಟರ ಹಾಗೆ. ನಾಲ್ಕನೆಯ ನಿಮಿಷದಲ್ಲಿ ಕೆಮ್ಮಿದ. ಕೆಮ್ಮಿದರೂ ಕೈ ನಿಲ್ಲಲಿಲ್ಲ. ಆರು ಇಪ್ಪತ್ತಕ್ಕೆ ಬೆಳಕು ಹರಿಯಿತು, ಎಲ್ಲ ತೆಳ್ಳಗಾಗಿ ಹೋಯಿತು. ಕೊನೆಗೆ ಕೇಳಿದ್ದು ಎಡಗೈಯ ಮೂರು ಸ್ವರ.

ನನಗೆ ಅಳು ಬಂತು. ಇದನ್ನು ವರದಿಯಲ್ಲಿ ಸೇರಿಸಬಾರದು ಎಂದು ಗೊತ್ತು.

ಸೀನ


ಅಡಾಜಣ್, ಸೂರತ್
೬ ಡಿಸೆಂಬರ್ ೨೦೨೩

ಲೇ ಸೀನಾ,

ಕೆಮ್ಮು ಬರೆದೆಯಲ್ಲ, ಅದು ವರದಿ.

ಡಯಾಲಿಸಿಸ್ ಹಾಸಿಗೆಯಲ್ಲಿ ಓದಿದೆ. ಮೊದಲ ಸಲ ಓದಿದಾಗ ಏನೂ ಆಗಲಿಲ್ಲ. ಮೂರನೆಯ ಸಲ ಎಡಗೈಯ ಮೂರು ಸ್ವರ ಬಂತು. ಖಂಡಿತ ಬಂತು. ನನ್ನ ಬೆರಳು ಮಂಚದ ಕಂಬಿಯ ಮೇಲೆ ತಾಳ ಹಾಕತೊಡಗಿದ್ದನ್ನು ಕಂಡು ನರ್ಸ್ ಚಂಪಾಬೆನ್ ನನಗೆ ನಡುಕ ಬಂತೆಂದು ಓಡಿ ಬಂದಳು. ‘ಏನಾಯಿತು ಕಾಕಾ?’ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದಳು. ‘ಹಾಡು’ ಎಂದೆ. ಜೋರಾಗಿ ಕೂಗಿದೆ ಅಂತ ಕಾಣುತ್ತದೆ, ಎಲ್ಲರೂ ತಿರುಗಿ ನೋಡಿದರು.

ಭರೂಚಿನವನ ಸಂಗತಿ ಓದಿ ಒಂದು ದಿನ ಊಟ ಸೇರಲಿಲ್ಲ. ನಿನ್ನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಕಿವಿ ಚೆನ್ನಾಗಿದ್ದ ಕಾಲದಲ್ಲಿ ತಿಂಗಳಿಗೆರಡು ಸಲ ರೈಲಿನಲ್ಲಿ ಭರೂಚ್ ದಾಟಿದ್ದೇನೆ. ಒಂದು ಸಲ ವಡೋದರಾದಲ್ಲಿ ಇಳಿದು ಮಂಜಲ್‌ಪುರದವರೆಗೂ ಬಂದಿದ್ದೆ. ೨೦೦೨ರಲ್ಲಿ. ಹೋಟೆಲಿನ ಎದುರು ರಸ್ತೆಯಾಚೆ ನಿಂತೆ. ನೀನು ಗಲ್ಲಾದ ಮುಂದೆ ಯಾರ ಜೊತೆಗೋ ನಗುತ್ತಿದ್ದೆ. ಹಾಗೇ ತಿರುಗಿ ಹೋದೆ.

ಶಕುಂತಲಾ ಅವರಿಗೆ ಹೇಳು, ಇಡ್ಲಿ ತಡವಾದರೆ ಗಿರಾಕಿ ಸಾಯುವುದಿಲ್ಲ ಅಂತ.

ಲಿಂಗರಾಜ


ಮಂಜಲ್‌ಪುರ
೨೧ ಜನವರಿ ೨೦೨೪

ಲಿಂಗರಾಜಾ,

೨೦೦೨ರಲ್ಲಿ ರಸ್ತೆ ದಾಟಿ ಬರಬಾರದಿತ್ತೇ ಪುಣ್ಯಾತ್ಮಾ! ಇಪ್ಪತ್ತು ಹೆಜ್ಜೆ. ಇದನ್ನು ಶಕುಂತಲಾಗೆ ಓದಿ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ.

ಈ ತಿಂಗಳ ಲೆಕ್ಕದಲ್ಲಿ ಸೋಲೇ ಹೆಚ್ಚು. ಆಂಡೀಸಿನ ಸ್ಟೇಷನ್ ಹನ್ನೊಂದು ದಿನ ಹುಡುಕಿದೆ, ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆಯುತ್ತೇನೆ. ಮಂಗೋಲಿಯಾ ಒಂದೇ ದಿನ ಬಂತು. ಒಬ್ಬನೇ ಮನುಷ್ಯ, ಎರಡು ದನಿ. ಕೆಳಗಿನದು ನಮ್ಮ ಗ್ರೈಂಡರಿನ ಹಾಗೆ ಒಂದೇ ಸಮನೆ, ಮೇಲಿನದು ಸಿಳ್ಳೆ. ಸಿಳ್ಳೆ ಏರುವಾಗ ಕೆಳಗಿನದು ಒಂಚೂರು ನಡುಗುತ್ತದೆ. ಅಂಕ ಮೂರು. ಎರಡು ನಿಮಿಷಕ್ಕೆ ಚೀನಾದ ಇನ್ನೊಂದು ಸ್ಟೇಷನ್ ಮೇಲೆ ಬಿದ್ದು ನುಂಗಿತು.

ನಮ್ಮ ಕೋಣೆಯಲ್ಲೀಗ ಕೃಪಾ ಎಂಬ ಮೈಸೂರಿನ ಹುಡುಗಿ ಬಾಡಿಗೆಗಿದ್ದಾಳೆ, ಇಲ್ಲೇ ಓದುತ್ತಾಳೆ. ‘ಅಂಕಲ್, ಇದೆಲ್ಲಾ ಫೋನಲ್ಲೇ ಸಿಗುತ್ತಲ್ಲಾ’ ಎಂದು ಒಂದು ನಿಮಿಷದಲ್ಲಿ ಹತ್ತು ದೇಶ ಕೇಳಿಸಿದಳು. ಎಲ್ಲ ಸ್ವಚ್ಛ, ಚೂರೂ ಗರಗರ ಇಲ್ಲ. ಬಹಳ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ನಿನಗೆ ಬರೆಯಲು ಕೂತರೆ ಏನೂ ತೋಚಲಿಲ್ಲ.

ನಿನ್ನ ಕಾಗದ ಬಂದು ಆರು ವಾರವಾಯಿತು. ಹೇಗಿದ್ದೀ?

ಸೀನ


ಅಡಾಜಣ್, ಸೂರತ್
೧೮ ಫೆಬ್ರುವರಿ ೨೦೨೪

ಸೀನಾ,

ಕೈ ನಡುಗುತ್ತದೆ, ಅಕ್ಷರ ಕೂಡಿಸಿಕೊಂಡು ಓದು. ಈಗ ಹೃದಯವೂ ಸೋತಿದೆಯಂತೆ. ಡಾಕ್ಟರರು ಅರ್ಪಿತಾಳ ಜೊತೆ ಮಾತಾಡುವಾಗ ನನ್ನ ಕಡೆ ಬೆನ್ನು ಮಾಡುತ್ತಾರೆ. ಕಿವುಡನಿಗೆ ಬೆನ್ನೂ ಓದಲು ಬರುತ್ತದೆ ಎಂದು ಅವರಿಗೆ ಗೊತ್ತಿಲ್ಲ.

ಒಂದು ಕೇಳುತ್ತೇನೆ. ದ್ವೀಪದ ಸ್ಟೇಷನ್. ಮುಚ್ಚುವ ಮುಂಚಿನ ಹಾಡು. ಸಂಜೆ ಆರೂವರೆ, ಅರವತ್ತು ಮೀಟರ್. 

ಕೇಳಿ ಬರೆ.

ಲಿಂಗರಾಜ


ಮಂಜಲ್‌ಪುರ
೪ ಮಾರ್ಚ್ ೨೦೨೪

ಲಿಂಗರಾಜಾ,

ಫೆಬ್ರುವರಿ ೨೪ರಿಂದ ಮಾರ್ಚ್ ೩ರವರೆಗೆ, ಒಂಬತ್ತು ಸಂಜೆ, ಆರಕ್ಕೆ ಕೂತು ಏಳೂವರೆಗೆ ಎದ್ದಿದ್ದೇನೆ. ಮೇನ್ ಸ್ವಿಚ್ಚು ಆರಿಸಿ, ಗಿರಾಕಿಗಳಿಗೆ ಮೇಣದಬತ್ತಿ ಹಚ್ಚಿಟ್ಟು. ಬೇವಿನ ಮರಕ್ಕೆ ಹೊಸ ತಂತಿ ಎಳೆಸಿದೆ.

ಮೊದಲು ಇನ್ನೊಂದನ್ನು ಹೇಳಬೇಕು. ನಿನ್ನೆ ಸಂಜೆ ನಾನು ನಾಲ್ಕು ಪುಟದ ವರದಿ ಬರೆದೆ. ಹಾಡು ಸಿಕ್ಕಿತು ಎಂದು. ಈ ಸಲ ಇಂಪು ಗಿಂಪು ಇಲ್ಲ, ಪಾಠ ಕಲಿತವನಲ್ಲವೇ? ಏಳು ಹೆಂಗಸರು ಇರಬಹುದು ಎಂದು ಬರೆದೆ. ಒಬ್ಬಳ ದನಿ ಒಡಕು, ವಯಸ್ಸಾದವಳು, ಅವಳ ಉಸಿರು ಮೊದಲು ಮುಗಿಯುತ್ತದೆ, ಉಳಿದವರು ಅವಳಿಗಾಗಿ ಕಾಯುತ್ತಾರೆ ಎಂದು ಬರೆದೆ. ಬೀಸುವ ಕಲ್ಲಿನ ಗತಿ ಇತ್ತು ಎಂದೂ ಬರೆದೆ. ಓದಿದರೆ ನೀನೂ ನಂಬುತ್ತಿದ್ದೆ. ನಂಬಿ ಸುಖವಾಗಿ ಕಣ್ಣು ಮುಚ್ಚಲಿ, ಆ ಪಾಪ ನನಗೇ ಇರಲಿ ಎಂದುಕೊಂಡೆ.

ಶಕುಂತಲಾ ಓದಿದಳು. ‘ಹಾಡು ಬಂತಾ?’ ಎಂದಳು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ‘ಆವಾಗ ಅವರಿಗೆ ಕಿವಿಯಾದ್ರೂ ಇತ್ತು. ಈಗ ಇರುದು ನಿಮ್ಮ ಅಕ್ಷರ ಒಂದೇ. ಅದನ್ನೂ ಸುಳ್ಳು ಮಾಡ್ತೀರಾ?’ ಎಂದು ಕಾಗದ ಮಡಿಚಿ ನನ್ನ ಕೈಗೇ ಕೊಟ್ಟು ಕೆಳಗೆ ಹೋದಳು. ಒಲೆಗೆ ಹಾಕಿದ್ದು ನಾನು.

ಇದು ನಿಜವಾದ ವರದಿ. ಅರವತ್ತು ಮೀಟರ್, ಸಂಜೆ ಆರೂವರೆ, ಒಂಬತ್ತು ದಿನ. ಗರಗರ. ಅದರ ಹಿಂದೆ ಇನ್ನೂ ತೆಳು ಗರಗರ. ಮೂರನೆಯ ದಿನ ದೂರದಲ್ಲಿ ಸಿಡಿಲಿನ ಚಟಚಟ. ಬೇರೆ ಏನೂ ಇಲ್ಲ. ಅಂಕ ಹಾಕಲು ಬರುವುದಿಲ್ಲ. ಇವತ್ತು ಬೆಳಿಗ್ಗೆ ಕೃಪಾಳ ಕೈಯಲ್ಲಿ ಫೋನಿನಲ್ಲಿ ಹುಡುಕಿಸಿದೆ. ಆ ಸ್ಟೇಷನ್ ಮುಚ್ಚಿ ಎಂಟು ವರ್ಷವಾಗಿದೆ ಲಿಂಗರಾಜಾ. ಹಾಡಿನ ರೆಕಾರ್ಡು ಕೂಡ ಎಲ್ಲೂ ಸಿಗಲಿಲ್ಲ.

ನನಗೆ ಏನೂ ಕೇಳಿಸಲಿಲ್ಲ. ನೀನು ಕೇಳಿದ ಒಂದೇ ಒಂದನ್ನು ಎರಡು ಸಲವೂ ನಿನಗೆ ಕೊಡಲಾಗಲಿಲ್ಲ. ಬೇಡವೆಂದರೂ ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರುತ್ತೇನೆ. ಬಾಯಿ ಆಡಿಸುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ.

ಸೀನ


ಅಡಾಜಣ್, ಸೂರತ್
೨೯ ಮಾರ್ಚ್ ೨೦೨೪

ಶ್ರೀನಿವಾಸ ಅಂಕಲ್‌ಗೆ ನಮಸ್ಕಾರ,

ನಾನು ಅರ್ಪಿತಾ. ನಾ ಹುಟ್ಟಿದ್ದು ಬೆಳೆದದ್ದು ಹಜೀರಾ ಕಾಲೊನಿಯೊಳಗ. ಕನ್ನಡ ಮಾತಾಡಾಕ ಬರ್ತದ, ಬರಿಯೋದು ಕಮ್ಮಿ. ತಪ್ಪಿದ್ರ ಮಾಫ್ ಮಾಡ್ರಿ.

ಅಪ್ಪ ೧೫ನೇ ತಾರೀಖು ಶುಕ್ರವಾರ ಹೋದ್ರು. ನೀವು ಭಾನುವಾರ ಬಂದಾಗ ಮನಿ ತುಂಬ ಮಂದಿ ಇದ್ರು. ನಿಮ್ಮ ಜೋಡಿ ಮಾತಾಡಾಕ ಆಗಲಿಲ್ಲ. ನೀವು ಅಪ್ಪನ ಖುರ್ಚಿ ಪಕ್ಕಕ್ಕ ಒಂದು ತಾಸು ಸುಮ್ಮನ ಕುಂತು ಹೋದ್ರಿ. ಆವಾಗ ಹೇಳದೆ ಉಳಿದದ್ದು ಈಗ ಬರಿತೀನಿ.

ಆ ಸ್ಟೇಷನ್ ಬಂದ್ ಆಗಿದ್ದು ಅಪ್ಪಗ ಮೊದಲೇ ಗೊತ್ತಿತ್ತು. ದೀಪಾವಳಿ ಟೈಮಿಗೆ ನಾನೇ ಫೋನ್ದಾಗ ಹುಡುಕಿ ತೋರಿಸಿದ್ದೆ. ‘ಮತ್ಯಾಕ ಅಂಕಲ್‌ಗೆ ಕೇಳಾಕ ಹೇಳಿದ್ರಿ?’ ಅಂತ ಸ್ಲೇಟಿನ ಮ್ಯಾಲೆ ಬರದೆ. ‘ಅಂವ ಏನ್ ಬರಿತಾನ ನೋಡೂಣು’ ಅಂದ್ರು. ಆಮೇಲೆ ದಿನಾ ಟಪಾಲು ಬಂತೇನು, ಬಂತೇನು ಅಂತ ಕೇಳಾವ್ರು. ನಿಮ್ಮ ಕಾಗದ ಬಂದ ದಿನ ಡಯಾಲಿಸಿಸ್ ಇತ್ತು. ನಾಲ್ಕು ತಾಸು ಎದಿ ಮ್ಯಾಲೆ ಇಟ್ಕೊಂಡು ಮಲಗಿದ್ರು, ಒಡಿಲೇ ಇಲ್ಲ. ಹೆದರಿದ್ರು ಅಂಕಲ್. ಮನಿಗೆ ಬಂದ ಮ್ಯಾಲೆ ಒಡದ್ರು. ಓದಿ ಅತ್ರು. ಅಪ್ಪ ಅಳೋದು ನಾ ನೋಡಿದ್ದು ಅದೇ ಮೊದಲು, ಅವ್ವ ಹೋದಾಗನೂ ಅತ್ತಿರಲಿಲ್ಲ. ‘ಸೀನಾ ಬಂದ’ ಅಂದ್ರು. ನೀವು ಖರೇನೇ ಬಂದಿರಿ ಅನ್ಕೊಂಡು ನಾ ಬಾಗಿಲಿಗೆ ಹೋದೆ.

ಮರುದಿನ ಬಣ್ಣದ ಪೆನ್ಸಿಲ್ ತರಿಸ್ಕೊಂಡ್ರು. ಒಂದು ಹಳೇ ಕಾರ್ಡ್ ತಗದ್ರು, ತೆಂಗಿನ ಗಿಡ, ಡೋಲು. ಅದನ್ನ ಅಷ್ಟು ವರ್ಷ ಅಜ್ಜಿ ಫೋಟೋದ ಹಿಂದ ಇಟ್ಟಿದ್ರು, ನಮಗ್ಯಾರಿಗೂ ಗೊತ್ತಿರಲಿಲ್ಲ. ಅದನ್ನ ನೋಡ್ಕೊಂತ ಹೊಸದೊಂದು ಕಾರ್ಡ್ ಬರದ್ರು. ಕೈ ನಡುಗಿ ಗಿಡ ಸೊಟ್ಟ ಆಗೇದ. ಮೂರು ದಿನ ಹಿಡಿತು. ಪೋಸ್ಟ್ ಮಾಡು ಅಂದ್ರು, ನಾನೇ ದವಾಖಾನಿ ಗಡಿಬಿಡಿಯೊಳಗ ಮರತೆ. ಅದಕ್ಕ ನನಗ ಭಾಳ ಕೆಟ್ಟ ಅನಿಸ್ತದ. ಇದರ ಜೋಡಿ ಇಟ್ಟೀನಿ.

ನಿಮ್ಮ ಮಗಳಂಥಾಕಿ,
ಅರ್ಪಿತಾ


(ಕಾರ್ಡು)

ಸ್ಟೇಷನ್: ಲಿಂಗರಾಜ, ಸೂರತ್
ತಾರೀಖು: ೧೦ ಮಾರ್ಚ್ ೨೦೨೪

ಶ್ರೀ ಶ್ರೀನಿವಾಸ, ಮಂಜಲ್‌ಪುರ, ಇವರಿಗೆ:

ಫೆಬ್ರುವರಿ ೨೪ರಿಂದ ಮಾರ್ಚ್ ೩ರವರೆಗೆ, ಅರವತ್ತು ಮೀಟರಿನಲ್ಲಿ, ಸಂಜೆ ಆರೂವರೆಗೆ ಏನೂ ಕೇಳಿಸಲಿಲ್ಲ ಎಂದು ತಾವು ಕಳಿಸಿದ ವರದಿಯನ್ನು ತಾಳೆ ನೋಡಲಾಯಿತು. ವರದಿ ನಿಜ. ಆ ಹೊತ್ತಿನಲ್ಲಿ ಹಾಡು ಇರಲಿಲ್ಲ.

ಒಂಬತ್ತು ಸಂಜೆ ಕೂತು ಕೇಳಿದ್ದಕ್ಕೆ ಧನ್ಯವಾದ.